ಸೊಂಟಮಟ್ಟದ ನೀರಿನಲ್ಲಿ

ಆ ಊರಿನ ಅರ್ಧ ಮಂದಿಗೆ ಈಜು ಕಲಿಸಿದವರು ಮೇಷ್ಟ್ರು. ಸೀಟಿ ಕಚ್ಚಿಕೊಂಡು ಈಜುಕೊಳದ ದಂಡೆಗೆ ಬಂದು ನಿಂತರೆ ದೊಡ್ಡವರೂ ಬಾಲ ಮುದುರಿಕೊಂಡು ಹೇಳಿದಂತೆ ಕೇಳುತ್ತಿದ್ದರು. "ನಮ್ಮಪ್ಪ ಬಚ್ಚಲಲ್ಲೂ ಸೀಟಿ ಊದ್ಕೊಂಡೇ ನೀರು ಹುಯ್ಕೊಳ್ಳೋದು" ಎಂದು ಮಗಳು ಎಲ್ಲರೆದುರು ಗೇಲಿ ಮಾಡುತ್ತಿದ್ದಳು. ಒಬ್ಬಳೇ ಮಗಳು, ಮೇಷ್ಟ್ರಿಗೆ ಅವಳೆಂದರೆ ಪ್ರಾಣ.

ಹೊಳೆ ತುಂಬಿ ಹರಿಯುತ್ತಿದ್ದ ಒಂದು ದಿನ, ಬೀದಿ ಕೊನೆಯ ದರ್ಜಿಯಮ್ಮನ ಪುಟ್ಟ ಮಗಳು ಗುಬ್ಬಿ ಕಾಲು ಜಾರಿ ನೀರಿಗೆ ಬಿದ್ದಳು. ಕಾಲೇಜಿನಿಂದ ಬರುತ್ತಿದ್ದ ಮೇಷ್ಟ್ರ ಮಗಳು ಹಿಂದೆಮುಂದೆ ನೋಡದೆ ಹಾರಿದಳು. ಗುಬ್ಬಿಯನ್ನು ದಡದ ಜನರ ಕೈಗೆ ದಾಟಿಸಿದಳು. ತಾನು ಮಾತ್ರ ಹತ್ತಿ ಬರಲಿಲ್ಲ.

ಅಂದಿನಿಂದ ಮೇಷ್ಟ್ರು ಕೊಳದ ಕಡೆ ತಲೆ ಹಾಕಲಿಲ್ಲ. ಎದ್ದ ಕೂಡಲೇ ದೇವರಿಗೆ ಕೈಮುಗಿಯುತ್ತಿದ್ದವರು ಅದನ್ನೂ ಬಿಟ್ಟರು. "ಈಜು ಕಲಿಸಿದ್ದು ನಾನೇ ಕಣೇ. ಕಲಿಸದೇ ಇದ್ದಿದ್ರೆ ದಡದಲ್ಲೇ ನಿಂತು ಕೂಗ್ಕೋತಿದ್ಲು, ಬದುಕ್ತಿದ್ಲು" ಎಂದು ಹೆಂಡತಿಗೆ ಒಮ್ಮೆ ಹೇಳಿದರು.

ಬೇಸಿಗೆ ಕಾಲಿಟ್ಟಾಗ ದರ್ಜಿಯಮ್ಮ ಬಾಗಿಲಿಗೆ ಬಂದಳು.

"ಅಣ್ಣಾ, ಯಾವ ಮುಖ ಇಟ್ಕೊಂಡು ಬಂದೆ ಅನ್ಬೇಡಿ. ಗುಬ್ಬಿ ಮೈಗೆ ನೀರೇ ಸೋಕಿಸ್ಕೊಳ್ಳಲ್ಲ. ಬಕೆಟ್ ಕಂಡ್ರೂ ನಡುಗ್ತಾಳೆ. ಆ ಭಯ ಬಿಡಿಸೋರು ನೀವೊಬ್ರೇ..."

"ನನ್ನ ಮಗಳನ್ನ ತಿಂದಿದ್ದು ಸಾಲ್ದಾ?"

ಮೇಷ್ಟ್ರು ರಪ್ಪೆಂದು ಬಾಗಿಲು ಹಾಕಿದರು.

ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗಿ ನೋಡದೆಯೇ ಹೇಳಿದಳು: "ನಮ್ಮ ಮಗು ಅದನ್ನ ದಡಕ್ಕೇನೋ ತಂದ್ಲು. ಆ ಕೂಸು ಇನ್ನೂ ಹೊಳೇಲೇ ಇದೆ ರೀ."

ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ವಾರ ಕಳೆಯುವುದರೊಳಗೆ ಮೇಷ್ಟ್ರು ತಾವೇ ದರ್ಜಿಯಮ್ಮನ ಮನೆ ಮುಂದೆ ನಿಂತು, "ಕಳಿಸಮ್ಮ" ಎಂದರು. ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ.

ಮೊದಲ ದಿನಗಳಲ್ಲಿ ಇಬ್ಬರೂ ಕೊಳದ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಎದ್ದುಬಂದರು. ಆ ಮಗುವಿನ ಮುಖ ನೋಡುವುದೇ ಮೇಷ್ಟ್ರಿಗೆ ಕಷ್ಟವಾಗಿತ್ತು. ಕೊನೆಗೊಂದು ಬೆಳಗ್ಗೆ ಅವಳನ್ನು ಎತ್ತಿಕೊಂಡು ಸೊಂಟಮಟ್ಟದ ನೀರಿಗೆ ಇಳಿದರು. ಗುಬ್ಬಿ ಅವರ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಳು.

"ಮೇಷ್ಟ್ರೇ, ಅವತ್ತೂ ಅಕ್ಕನ ಕುತ್ತಿಗೇನ ಹಿಂಗೇ ಹಿಡ್ಕೊಂಡ್ಬಿಟ್ಟೆ. ಅದಕ್ಕೇ ಅವಳಿಗೆ ಸುಸ್ತಾಯ್ತು. ಅಮ್ಮನಿಗೂ ಹೇಳಿಲ್ಲ."

ಮೇಷ್ಟ್ರು ಅವಳ ಬೆನ್ನು ಸವರಿದರು.

"ಮುಳುಗೋರು ಎಲ್ರೂ ಹಂಗೇ ಹಿಡ್ಕೊಳ್ಳೋದು ಮಗಾ. ಅಕ್ಕಂಗೆ ಅದು ಗೊತ್ತಿತ್ತು, ನಾನೇ ಹೇಳ್ಕೊಟ್ಟಿದ್ದೆ. ಗೊತ್ತಿದ್ದೇ ಹಾರಿದ್ಲು. ನಿನ್ನ ತಪ್ಪೇನೂ ಇಲ್ಲ."

ಹಾಗೆಂದವರೇ ಬಿಕ್ಕಿ ಬಿಕ್ಕಿ ಅತ್ತರು. ಮಗಳು ಹೋದ ದಿನವೂ ಬಾರದ ಅಳು. ಗುಬ್ಬಿ ಗಾಬರಿಯಾಗಿ ಒದ್ದೆ ಅಂಗೈಯಲ್ಲಿ ಅವರ ಕೆನ್ನೆ ಒರೆಸಿದಳು. ಕೆನ್ನೆ ಇನ್ನಷ್ಟು ಒದ್ದೆಯಾಯಿತು. ಆಮೇಲೆ ತಾನಾಗಿಯೇ ಕೈ ಸಡಿಲಿಸಿ, ಅವರ ತೋಳಿನ ಮೇಲೆ ಬೆನ್ನು ಚೆಲ್ಲಿ ನೀರಿನಲ್ಲಿ ಮಲಗಿದಳು.

ಮೇಷ್ಟ್ರು ಆಕಾಶದ ಕಡೆ ಮುಖವೆತ್ತಿದರು, ತುಟಿ ಅಲುಗಿತು. "ಕೊಟ್ಟೆ, ಕಿತ್ಕೊಂಡೆ. ನಿನ್ನ ನಾನು ಸುಮ್ನೆ ಬಿಡಲ್ಲ. ಇದನ್ನಾದ್ರೂ ಕಾಯಪ್ಪಾ." ಜಗಳವೇ ಸರಿ. ಆದರೂ ಅಷ್ಟು ತಿಂಗಳ ಮೇಲೆ ಅವರು ದೇವರೊಡನೆ ಆಡಿದ ಮೊದಲ ಮಾತು ಅದು.

ಮನೆಗೆ ಬಂದು, "ನಾಳೇನೂ ಹೋಗ್ತೀನಿ" ಎಂದರು. ಹೆಂಡತಿ ಅವರ ಒದ್ದೆ ಟವೆಲನ್ನು ಈಸಿಕೊಂಡು, ಅದರಲ್ಲೇ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು. ಮೇಷ್ಟ್ರು ಪಕ್ಕದಲ್ಲಿ ಕೂತು ಅವಳ ತಲೆಯನ್ನು ಎದೆಗೆ ಒರಗಿಸಿಕೊಂಡರು.