ಎಡ ಭುಜದ ಹೊಲಿಗೆ

"ಎಡಗಾಲಿನ ಹೆಬ್ಬೆರಳು ಮೇಲಕ್ಕೆತ್ತು ಮಗು," ಎಂದರು ಡಾಕ್ಟರು.

"ಎತ್ತಿದೀನಲ್ಲ," ಎಂದಳು ಹುಡುಗಿ.

ಹೊದಿಕೆಯ ತುದಿಯಲ್ಲಿ ಎರಡು ಪಾದಗಳು ಕಾಣುತ್ತಿದ್ದವು. ಬಲಗಾಲಿನ ಬೆರಳುಗಳು ಹೇಳಿದ ಮಾತು ಕೇಳಿ ಆಗಲೇ ಆಡಿದ್ದವು. ಎಡಪಾದ ಮಾತ್ರ ನಿದ್ದೆಹೋದ ಕೂಸಿನ ಕತ್ತಿನಂತೆ ವಾಲಿಕೊಂಡಿತ್ತು. ಡಾಕ್ಟರು ಹೆಬ್ಬೆರಳನ್ನು ಮುಟ್ಟಿ, "ಇದನ್ನ, ಇನ್ನೊಂದು ಸಲ," ಎಂದರು. ಹುಡುಗಿ ಹುಬ್ಬು ಗಂಟಿಕ್ಕಿ ಉಸಿರು ಬಿಗಿಹಿಡಿದಳು.

"ಎತ್ತಿದೆ. ಎಷ್ಟು ಸಲ ಎತ್ಲಿ? ತಾತ, ನೀನಾದ್ರೂ ಹೇಳು ಇವ್ರಿಗೆ."

ಮಂಚದ ಪಕ್ಕ ನಿಂತಿದ್ದ ತಾತ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದ. ಹುಡುಗಿಯ ತಾಯಿ ತನ್ನ ಅಪ್ಪನ ಮುಖವನ್ನೊಮ್ಮೆ ನೋಡಿ, ಕಿಟಕಿಯ ಕಡೆಗೆ ತಿರುಗಿ ನಿಂತಳು.

ತಾತ ಟೈಲರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗಂಡ ಸತ್ತ ಮೇಲೆ ಮಗಳು ಕೂಸನ್ನೆತ್ತಿಕೊಂಡು ಬಂದು ಸೇರಿದ್ದೂ ಅದೇ ಮನೆಗೆ. ಬಡಕಲು ಮೊಮ್ಮಗಳಿಗೆ 'ಕಡ್ಡಿ' ಎಂದು ಹೆಸರಿಟ್ಟವನು ಅವನೇ. ಆ ಕಡ್ಡಿ ಬಾಗುತ್ತಿದೆ ಎಂಬುದು ಮೊದಲು ತಿಳಿದದ್ದೂ ಅವನಿಗೇ. ಶಾಲೆಯ ಅಂಗಿಗೆ ಅಳತೆ ತೆಗೆಯುವಾಗ ಎರಡು ಭುಜಗಳೂ ಟೇಪಿಗೆ ಒಂದೇ ಲೆಕ್ಕ ಕೊಡಲಿಲ್ಲ. ಅಂದಿನಿಂದ ಅವಳ ಪ್ರತಿಯೊಂದು ಅಂಗಿಯ ಎಡ ಭುಜದ ಒಳಗೆ ಬಟ್ಟೆಯ ಮಡಿಕೆಯೊಂದನ್ನಿಟ್ಟು ಹೊಲಿದ. ಬಲಗಡೆಯ ಅಂಚನ್ನು ಕೊಂಚ ಕೆಳಗಿಳಿಸಿದ. ಕನ್ನಡಿಯ ಮುಂದೆ ನಿಂತ ಹುಡುಗಿ ನೇರವಾಗಿ ಕಂಡಳು. ತನ್ನ ಅಂಗಿಗಳೆಲ್ಲ ಸೊಟ್ಟ ಎಂದು ಅವಳಿಗೆ ಗೊತ್ತೇ ಆಗಲಿಲ್ಲ.

ಆದರೆ ಬೆನ್ನೆಲುಬಿನ ಬಾಗು ಶ್ವಾಸಕೋಶದ ಜಾಗಕ್ಕೆ ಕೈಹಾಕಿದ ಮೇಲೆ ಮಡಿಕೆಯಿಂದ ಮುಚ್ಚುವಂಥದ್ದು ಏನೂ ಉಳಿಯಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆಪರೇಷನ್ ಮಾಡಿ ಬೆನ್ನಿಗೆ ಲೋಹದ ಸರಳು ಕೂರಿಸಬೇಕು ಎಂದರು ಡಾಕ್ಟರು. ಮಗಳು ಒಪ್ಪಲಿಲ್ಲ. "ಸೊಟ್ಟಗಿದ್ರೇನು, ನಡೀತಾಳಲ್ಲ," ಎಂದು ಹಟ ಹಿಡಿದಳು.

ಆಗ ತಾತ ಒಬ್ಬನೇ ಆಸ್ಪತ್ರೆಗೆ ಹೋಗಿ ಬಂದ. ಅಲ್ಲಿ ಆಪರೇಷನ್ನಿನ ಹೊತ್ತಿನಲ್ಲಿ ನರಗಳನ್ನು ಕಾಯುವ ಯಂತ್ರವೊಂದಿತ್ತು. ಅದನ್ನು ನೋಡಿಕೊಳ್ಳುವ ಹೆಂಗಸು ಅವನನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು: "ಕಾಲಿಗೆಲ್ಲ ಸಣ್ಣ ಸೂಜಿ ಹಾಕಿರ್ತೀವಿ ತಾತ. ನೆತ್ತಿಯಿಂದ ಚೂರು ಕರೆಂಟು ಬಿಟ್ರೆ, ಕಾಲು ಉತ್ತರ ಕೊಡುತ್ತೆ, ಪರದೆ ಮೇಲೆ ಅಲೆ ಏಳುತ್ತೆ. ಬೆನ್ನು ನೆಟ್ಟಗೆ ಮಾಡೋಕೆ ಡಾಕ್ಟ್ರು ಎಳೆದದ್ದು ಜಾಸ್ತಿ ಆದ್ರೆ ಅಲೆ ಕುಗ್ಗುತ್ತೆ. ನಾನು ಕೂಗ್ತೀನಿ, ಅವರು ಸಡಿಲ ಬಿಡ್ತಾರೆ. ಆದ್ರೆ ಒಂದು ಮಾತು. ಎಲ್ಲಾನೂ ಅದರಲ್ಲಿ ಕಾಣಲ್ಲ."

ಮನೆಗೆ ಬಂದು ಮಗಳಿಗೆ ಹೇಳುವಾಗ ಆ ಕೊನೆಯ ಮಾತು ಬಿಟ್ಟುಹೋಯಿತು. ಬಿಟ್ಟುಹೋಯಿತೋ, ತಾನೇ ಬಿಟ್ಟನೋ, ಮೇಲಿರುವವನಿಗೆ ಗೊತ್ತು. "ದೇವರು ಕಾಯ್ತಾನೆ, ಜೊತೆಗೆ ಮಿಷನ್ನೂ ಕಾಯುತ್ತೆ. ಇನ್ನೇನು ಬೇಕು ನಿಂಗೆ?" ಎಂದಿದ್ದ. ಕೊನೆಗೆ ಮಗಳು ಒಪ್ಪಿ ಸಹಿ ಹಾಕಿದ್ದಳು.

ಆಪರೇಷನ್ನಿನ ಮರುದಿನ, ಹೆಬ್ಬೆರಳು ಏಳಲಿಲ್ಲವೆಂದು ತಿಳಿದ ಮೇಲೆ, ಆ ಹೆಂಗಸು ಯಾರೂ ಕರೆಯದೆ ತಾನಾಗಿಯೇ ವಾರ್ಡಿನ ಹೊರಗಿನ ಬೆಂಚಿಗೆ ಬಂದಳು. ತಾತನ ಪಕ್ಕದಲ್ಲಿ ಕುಳಿತಳು.

"ಕೊನೇವರೆಗೂ ಅಲೆ ಚೆನ್ನಾಗೇ ಇತ್ತು ತಾತ. ಹೊಲಿಗೆ ಹಾಕೋವರೆಗೂ ಸರಿ ಇದೆ, ಸರಿ ಇದೆ ಅಂತ ಡಾಕ್ಟ್ರಿಗೆ ಹೇಳ್ತಾ ಇದ್ದೋಳು ನಾನೇ."

"ಹಂಗಾದ್ರೆ ಮಿಷನ್ನು ಸುಳ್ಳು ಹೇಳ್ತಾ?"

"ಸುಳ್ಳು ಹೇಳ್ಲಿಲ್ಲ. ಒಂದೊಂದು ಸ್ನಾಯುವಿಗೂ ಎರಡು ಮೂರು ನರದ ಬೇರು ಬಂದಿರುತ್ತೆ. ಒಂದಕ್ಕೆ ಪೆಟ್ಟು ಬಿದ್ರೂ ಮಿಕ್ಕವು ಅಲೆ ಎಬ್ಬಿಸ್ತವೆ. ನಮಗೆ ತುಂಬಿದ ಅಲೆನೇ ಕಾಣುತ್ತೆ. ಈಗ ನಿಮ್ಮ ಬಟ್ಟೇನೇ ತಗೊಳ್ಳಿ, ಒಂದು ಎಳೆ ಕಿತ್ರೂ..."

"ಬಟ್ಟೆ ಮಾತು ಬೇಡ ತಾಯಿ," ಎಂದ ತಾತ. "ಬಟ್ಟೆ ಆದ್ರೆ ಬಿಚ್ಚಿ ಹೊಲೀತಿದ್ದೆ."

ಅವಳು ತಲೆ ತಗ್ಗಿಸಿದಳು. "ಕಾಲಿಗೆ ಶಕ್ತಿ ವಾಪಸ್ ಬರುತ್ತಾ?" ಎಂದು ತಾತ ಕೇಳಿದ.

"ಕೆಲವರಿಗೆ ತಿಂಗಳು ಕಳೆದ ಮೇಲೆ ಬಂದಿದೆ. ಬರುತ್ತೆ ಅಂತ ಮಾತು ಕೊಡೋಕೆ ನನ್ನ ಕೈಲಾಗಲ್ಲ."

ತಾತ ಕೈಮುಗಿದ. ಅವಳಿಗೋ ದೇವರಿಗೋ ಅವನಿಗೇ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಮಗಳು, ಆ ಹೆಂಗಸು ಹೋದ ಮೇಲೆ ಹತ್ತಿರ ಬಂದಳು. "ಇಬ್ರು ಕಾಯ್ತಾರೆ ಅಂದ್ಯಲ್ಲ ಅಪ್ಪ. ನಿದ್ದೆ ಹೋದೋರು ಯಾರು, ಮಿಷನ್ನೋ ನಿನ್ನ ದೇವರೋ?"

ಆಮೇಲೆ ಅವಳು ಅಪ್ಪನೊಂದಿಗೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದಳು.

ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಕಡ್ಡಿ ಗೋಡೆ ಹಿಡಿಯದೆ ನಡೆಯುತ್ತಿದ್ದಳು. ಬೆನ್ನು ನೆಟ್ಟಗಾಗಿತ್ತು, ಏದುಸಿರು ನಿಂತಿತ್ತು. ಹೊರಗೆ ಹೋಗುವಾಗ ಎಡಪಾದಕ್ಕೆ ಆಸರೆಯ ಪಟ್ಟಿ ಕಟ್ಟಿಕೊಳ್ಳುವಳು. ಮನೆಯೊಳಗೆ ಪಾದ ನೆಲಕ್ಕೆ 'ಟಪ್' ಎಂದು ಬೀಳುವ ಸದ್ದಿನಿಂದಲೇ ಅವಳು ಎಲ್ಲಿದ್ದಾಳೆಂದು ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಶಾಲೆಯ ಅಂಗಿ ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ನಿಂತವಳು ಕಿಸಕ್ಕನೆ ನಕ್ಕಳು.

"ತಾತ! ಎಡಗಡೆ ಗುಡ್ಡ ಎದ್ದಿದೆ ನೋಡು. ಇಷ್ಟು ಸೊಟ್ಟ ಹೊಲ್ದು ಜನರ ಹತ್ರ ಕೂಲಿ ಹೆಂಗೆ ಇಸ್ಕೋತೀಯ ನೀನು?"

ತಾತ ಕನ್ನಡಕ ತೆಗೆದು ಒರೆಸಿಕೊಂಡ. "ವಯಸ್ಸಾಯ್ತು ಕಣೇ. ಬಿಚ್ಚಿ ಕೊಡು, ಸರಿ ಮಾಡ್ತೀನಿ."

ಹುಡುಗಿ ಬಟ್ಟೆ ಬದಲಿಸಲು ಒಳಗೆ ಹೋದಳು. ಮಗಳು ಉಳಿದ ಅಂಗಿಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟಳು. ಅವಳು ತಿರುಗಿ ಹೋಗುವ ಮೊದಲೇ ತಾತ ಬಾಯಿ ಬಿಟ್ಟ.

"ನಿಂಗೊಂದು ಮಾತು ಹೇಳ್ಲಿಲ್ಲಮ್ಮ. ಎಲ್ಲಾನೂ ಅದರಲ್ಲಿ ಕಾಣಲ್ಲ ಅಂತ ಆ ಹೆಂಗಸು ಮೊದಲೇ ಹೇಳಿತ್ತು. ನಾನು ಮುಚ್ಚಿಟ್ಟೆ."

ಮಗಳು ಮೇಲಿನ ಅಂಗಿಯನ್ನು ಕೈಗೆತ್ತಿಕೊಂಡು ಎಡ ಭುಜದ ಮಡಿಕೆಯನ್ನು ಬೆರಳಿನಿಂದ ತಡವಿದಳು.

"ಗೊತ್ತು," ಎಂದಳು. "ಸಹಿ ಹಾಕೋ ಮುಂಚೆ ನಂಗೂ ಹೇಳಿದ್ಲು. ಕೇಳ್ಕೊಂಡೇ ಹಾಕ್ದೆ."

ಒಳಗಿನಿಂದ ಪಾದದ ಸದ್ದು ಬಂತು. ಕಡ್ಡಿ ಬಂದು ಅಂಗಿಯನ್ನು ಕೊಟ್ಟು, ಮೇಜಿನ ಬಳಿಯ ಮಣೆಯ ಮೇಲೆ ಬರಿಗಾಲು ಚಾಚಿ ಕುಳಿತಳು. ತಾತ ಒಂದು ಬ್ಲೇಡು ತೆಗೆದುಕೊಂಡ. ಮಗಳು ಡಬ್ಬಿಯಲ್ಲಿ ತಡಕಿ ಇನ್ನೊಂದನ್ನು ತೆಗೆದುಕೊಂಡು ಅವನ ಎದುರಿಗೆ ಕುಳಿತಳು. ಹಳೆಯ ಹೊಲಿಗೆ ಬಿಗಿಯಾಗಿತ್ತು, ಒಂದೊಂದೇ ಬಿಚ್ಚಬೇಕಾಗಿತ್ತು.

ನೂಲಿನ ತುಂಡುಗಳು ಮೇಜಿನಿಂದ ಉದುರಿ ಹುಡುಗಿಯ ಕಾಲ ಮೇಲೆ ಬೀಳತೊಡಗಿದವು. ಶಾಲೆಯ ಸುದ್ದಿ ಹೇಳುತ್ತಲೇ ಅವಳು ಬಲಪಾದವನ್ನು ಕೊಡವಿಕೊಂಡಳು. ಎಡಪಾದದ ಮೇಲೆ ಬಿದ್ದವು ಹಾಗೆಯೇ ಉಳಿದವು. ತಾಯಿ ಬ್ಲೇಡನ್ನು ಕೆಳಗಿಟ್ಟು, ಬಗ್ಗಿ, ಅವನ್ನು ಒಂದೊಂದಾಗಿ ಆರಿಸತೊಡಗಿದಳು.