ಒಂದೇ ಫೋನಿನಿಂದ ಬಂದ ಮಾತುಗಳು

"ಹಾಗಾದ್ರೆ ನಾವು ಇದೀವೋ, ಇಲ್ವೋ?"

ಹಲ್ಲಿನ ಡಾಕ್ಟರು ಕೇಳಿದ್ದು ಯಾರನ್ನೂ ಅಲ್ಲ. ಸ್ವಂತ ಆಸ್ಪತ್ರೆಯ ಬಾಗಿಲಲ್ಲೇ ನಿಂತು 'ಹತ್ತಿರದ ಹಲ್ಲಿನ ಡಾಕ್ಟರ್' ಎಂದು ಫೋನಿನಲ್ಲಿ ಹುಡುಕಿದರೆ, ವೃತ್ತದ ಬಳಿಯ ಮೂರಂತಸ್ತಿನ ಆಸ್ಪತ್ರೆ ಬಂತು, ಸೇತುವೆಯಾಚೆಯದು ಬಂತು, ಹೋದ ವರ್ಷವೇ ಬೀಗ ಬಿದ್ದದ್ದೊಂದೂ ಬಂತು. ಇವರದು ಮಾತ್ರ ಇರಲಿಲ್ಲ.

ಮೇಜಿನ ಹಿಂದಿದ್ದ ಅತ್ತಿಗೆ ತಲೆಯೆತ್ತಲಿಲ್ಲ. ಅವಳು ಮದುವೆಯಾಗಿ ಬಂದಾಗ ಈ ಮೈದುನನಿಗೆ ಹಾಲುಹಲ್ಲು ಬೀಳುತ್ತಿದ್ದವು. ಈಗ ಅವನು ಊರವರ ಹಲ್ಲು ಕೀಳುತ್ತಾನೆ, ಅವಳು ಹೆಸರು ಬರೆದುಕೊಂಡು ಸರದಿ ಕೂಗುತ್ತಾಳೆ. ಇವತ್ತಿನ ಪುಟದಲ್ಲಿ ಎರಡೇ ಹೆಸರು. ತಿಂಗಳ ಹಿಂದೆ ಪುಟ ಸಾಲುತ್ತಿರಲಿಲ್ಲ.

ಜಾಹೀರಾತು ನೋಡಿಕೊಳ್ಳುವವನಿಗೆ ಮೈದುನ ಫೋನು ಹಚ್ಚಿದ. ಸ್ಪೀಕರ್ ಹಾಕಿದ್ದರಿಂದ ಮಾತು ಕೋಣೆಯಿಡೀ ಕೇಳಿತು.

"ಸಾರ್, ಈ ಹುಡುಕೋ ಆಪು ಮೊದಲು ಜನ ಬರೆದ ರಿವ್ಯೂ ಎಷ್ಟಿವೆ ಅಂತ ನೋಡ್ತಿತ್ತು. ಈಗ ಎಲ್ಲಿಂದ ಬಂದಿವೆ ಅಂತಾನೂ ನೋಡುತ್ತೆ. ನಿಮ್ಮವು ತೊಂಬತ್ತು ಒಂದೇ ಫೋನಿಂದ ಬಂದಿವೆ. ಎಲ್ಲಾ ಸುಳ್ಳು ಅಂತ ಕಿತ್ತು ಹಾಕಿದೆ, ಜೊತೆಗೆ ನಿಮ್ಮನ್ನೂ."

ಆ ಒಂದೇ ಫೋನು ಅತ್ತಿಗೆಯದು. ಗುಂಡಿ ಫೋನಿನ ವಯಸ್ಸಾದವರು "ನೀವೇ ಹಾಕ್ಬಿಡಿ ತಾಯಿ" ಎಂದಾಗ, ಅವರ ನಂಬರಿಗೆ ಬಂದ ಓಟಿಪಿ ಕೇಳಿ, ಅವರ ಹೆಸರಲ್ಲೇ ಖಾತೆ ತೆರೆದು, ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಳು. ಇನ್ನೊಬ್ಬರ ಪದ್ಯ ಹೇಳುವಾಗ ಅಕ್ಷರ ಆಚೀಚೆ ಮಾಡಬಾರದೆಂದು ಕೇಳಿ ಬೆಳೆದವಳು ಅವಳು. ಬಡಗಿಯ "ನೋವಾಯ್ತು, ಮೋಸ ಆಗ್ಲಿಲ್ಲ" ಎಂಬುದನ್ನು ಹಾಕಿದ್ದಳು. "ಒಂದು ಗಂಟೆ ಕಾಯಿಸಿದ್ರು, ಡಾಕ್ಟರಿಗೆ ಏನು ಕೊಬ್ಬೋ" ಎಂಬುದನ್ನೂ ಬಿಟ್ಟಿರಲಿಲ್ಲ.

"ಮೇಲ್ಮನವಿಗೆ ಒಂದೇ ಅವಕಾಶ, ಇವತ್ತು ಸಂಜೆ ಐದಕ್ಕೆ ಮುಗಿಯುತ್ತೆ," ಎಂದಿತು ಫೋನು. "ಕೆಲಸದವರು ನಿಮಗೆ ತಿಳಿಯದ ಹಾಗೆ ಸುಳ್ಳು ಬರೆದಿದ್ರು, ತಪ್ಪಾಯ್ತು ಅಂತ ಅವರ ಕೈಲೇ ಬರೆಸಿ ಕಳಿಸಿ. ಇಲ್ದಿದ್ರೆ ಆ ಮೂರಂತಸ್ತಿನವರು ಕರೀತಿದ್ದಾರಲ್ಲ, ಅಲ್ಲೇ ಹೋಗಿ ಸಂಬಳಕ್ಕೆ ಕೂತ್ಕೊಳ್ಳಿ."

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಒಳಗೆ ಉಪಕರಣ ಬೇಯಿಸುವ ಯಂತ್ರ ಉಸ್ಸೆಂದು ಹಬೆ ಬಿಟ್ಟು ಸುಮ್ಮನಾಯಿತು.

ಮೈದುನ ಬಿಳಿ ಹಾಳೆಯೊಂದನ್ನು ಅವಳ ಮುಂದಿಟ್ಟ. "ನಾಲ್ಕೇ ಸಾಲು ಅತ್ತಿಗೆ. ಮನುಷ್ಯರು ಯಾರೂ ಓದಲ್ಲ, ಯಾವುದೋ ಯಂತ್ರ ಓದುತ್ತೆ."

"ಯಂತ್ರಕ್ಕೆ ಹೇಳಿದ್ರೆ ಸುಳ್ಳು ಸುಳ್ಳಲ್ವೇನೋ?"

"ಈ ಬಾಗಿಲು ಮುಚ್ಚಿದ ಮೇಲೆ ನಿಮ್ಮ ಸತ್ಯ ತಗೊಂಡು ಯಾರ ಹಲ್ಲಿಗೆ ತುಂಬಲಿ?"

ಅವನು ಎಂದೂ ಹಾಗೆ ಮಾತಾಡಿದವನಲ್ಲ. ಕಣ್ಣ ಕೆಳಗೆ ಮೂರು ದಿನದ ಕಪ್ಪು. ಅವಳು ಪೆನ್ನು ತೆಗೆದುಕೊಂಡಳು, ಮುಚ್ಚಳವನ್ನೂ ತೆಗೆದಳು.

ಬೆಂಚಿನ ಮೇಲೆ ಹಲ್ಲಿನ ಸೆಟ್ಟು ಸರಿಮಾಡಿಸಲು ಬಂದಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಸೆಟ್ಟು ಮಡಿಲಿನ ಡಬ್ಬಿಯಲ್ಲಿತ್ತು.

"ಮಗಳೇ, ಹನ್ನೊಂದು ವರ್ಷ ಆದ್ಮೇಲೆ ಸೇಬು ಕಚ್ಚಿದೆ ಅಂತ ಹೇಳಿ ಬರೆಸಿದ್ನಲ್ಲ, ಅದೂ ಸುಳ್ಳಂತಾ?"

"ನಿಮ್ದಲ್ಲ ಅಜ್ಜಿ," ಎಂದ ಮೈದುನ.

"ಮತ್ತಿನ್ಯಾರ್ದು? ಬಾಯಿ ಬೊಚ್ಚು ಅಂತ ನನ್ನ ಮಾತೂ ಬೊಚ್ಚೇನಪ್ಪಾ?"

ಅವನು ಅಜ್ಜಿಯ ಕಡೆ ನೋಡಲಾರದೆ ಗಡಿಯಾರ ನೋಡಿದ. "ಅತ್ತಿಗೆ, ಕಾಲಿಗೆ ಬೀಳ್ತೀನಿ. ಬರೀರಿ."

ಅತ್ತಿಗೆ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ಅವನ ಕಡೆಗೆ ತಳ್ಳಿದಳು.

"ನನ್ನನ್ನ ಕೆಲಸದಿಂದ ತೆಗೆದೆ ಅಂತ ಬೇಕಾದ್ರೆ ನೀನೇ ಬರ್ಕೋ. ಇವರು ಹೇಳಿದ್ದು ಸುಳ್ಳು ಅಂತ ನಾನು ಬರೆಯಲ್ಲ."