ಬದುಕಿದ್ದವಳ ಪುಟ

ತಾನು ಸತ್ತ ಸುದ್ದಿ ದೊಡ್ಡಮ್ಮನಿಗೆ ಗೊತ್ತಾದದ್ದು ಮೊಮ್ಮಗಳ ಫೋನಿನಿಂದ. ಅಡಿಲೇಡಿನ ಹಾಸ್ಟೆಲಿನಲ್ಲಿ ಓದುವ ಆ ಹುಡುಗಿ, ಅಜ್ಜಿ ಬರೆದ ಚಿತ್ರಗಳನ್ನು ಗೆಳತಿಯರಿಗೆ ತೋರಿಸೋಣವೆಂದು ನಮ್ಮ ಕಲಾಕೇಂದ್ರದ ವೆಬ್‌ಸೈಟ್ ತೆರೆದಿದ್ದಾಳೆ. ಅಜ್ಜಿಯ ಮುಖವಿರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕ. ಅದರ ಕೆಳಗೆ, ಕುಟುಂಬದ ದುಃಖವನ್ನು ಗೌರವಿಸಿ ಈ ಚಿತ್ರವನ್ನು ಮುಚ್ಚಲಾಗಿದೆ ಎಂಬ ಸಾಲು. ನಮ್ಮ ಜನರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹುಡುಗಿ ಅಳುತ್ತ ಫೋನು ಮಾಡಿದರೆ ಎತ್ತಿದವಳು ಅಜ್ಜಿಯೇ.

ದೊಡ್ಡಮ್ಮ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಆಫೀಸಿಗೆ ಬಂದಳು. ಅವಳ ಹಿಂದೆ ಅವಳ ನಾಯಿಗಳೂ ಬಂದವು.

"ಏನೇ ಲಿಯೋನಿ, ನಾನು ಸತ್ತೋದ್ನಂತೆ. ನಂಗೊಂದು ಮಾತು ಹೇಳೋದಲ್ವೇನೇ?"

ನಗುತ್ತಿರಲಿಲ್ಲ. ನನ್ನ ತಾಯಿಯ ಅಕ್ಕ ಅವಳು. ತಾಯಿ ಹೋದಮೇಲೆ ನನ್ನನ್ನು ಬೆಳೆಸಿದವಳು. ಅವಳ ಮುಖ ಅಷ್ಟು ಬಿಗಿದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಆಸ್ಟ್ರೇಲಿಯಾದ ನಡುವಿನ ಈ ಮರುಭೂಮಿಯ ಮೂಲನಿವಾಸಿಗಳಾದ ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ, ಮುಖದ ಚಿತ್ರವನ್ನು ಯಾರೂ ತೋರಿಸುವುದಿಲ್ಲ. ಮನೆಯವರು ಇನ್ನು ಸಾಕು ಎನ್ನುವವರೆಗೆ ಅವರು ಬರೀ ಕುನ್ಮನಾರ, ಅಂದರೆ ಹೆಸರೆತ್ತಬಾರದವರು. ಅದೇ ಹೆಸರಿನ, ಅಥವಾ ಕಿವಿಗೆ ಹಾಗೇ ಕೇಳುವ ಹೆಸರಿನ ಬದುಕಿರುವವರೂ ತಮ್ಮ ಹೆಸರನ್ನು ಬದಿಗಿಟ್ಟು ಕುನ್ಮನಾರ ಆಗುತ್ತಾರೆ. ಈ ಚಳಿಗಾಲಕ್ಕೆ ಮುಂಚೆ ಬೆರಿಲ್ ಅತ್ತೆಯ ಮಗ ದಕ್ಷಿಣದ ರಸ್ತೆಯಲ್ಲಿ ಗಾಡಿ ಮಗುಚಿ ಹೋದ. ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಅವನ ಹೆಸರೂ ದೊಡ್ಡಮ್ಮನ ಹೆಸರೂ ಹತ್ತಿರ ಹತ್ತಿರ. ಹಾಗಾಗಿ ಅಂದಿನಿಂದ ದೊಡ್ಡಮ್ಮನೂ ಕುನ್ಮನಾರ. ಆ ಎರಡು ಹೆಸರುಗಳನ್ನು ನಾನು ಇಲ್ಲಿಯೂ ಬರೆಯುವುದಿಲ್ಲ, ಯಾರೂ ಕಾಯಬೇಡಿ.

ವೆಬ್‌ಸೈಟ್ ಕಟ್ಟಿದವನು ಆ ಅತ್ತೆಯ ಮಗನೇ. ನನಗೆ ಕಲಿಸಿದವನೂ ಅವನೇ. ಅಚ್ಚಿನ ಹಾಗೆ ಒಂದು ತಾಯಿ ಟೆಂಪ್ಲೇಟ್ ಇರುತ್ತದೆ, ಉಳಿದ ಪುಟಗಳೆಲ್ಲ ಅದರ ಮಕ್ಕಳು, ಎನ್ನುತ್ತಿದ್ದ. ಪುಟದ ತಲೆ, ಬಾಲ, ಬಣ್ಣ, ಮುಖ ತೋರಿಸುವ ಚೌಕ ಎಲ್ಲವೂ ತಾಯಿಯಿಂದ ಬರುತ್ತವೆ. ಮಗು ತನ್ನದೇನಾದರೂ ಹೇಳಿದರೆ ಅದರ ಮಾತು ನಡೆಯುತ್ತದೆ, ಸುಮ್ಮನಿದ್ದರೆ ತಾಯಿಯ ಮಾತೇ ಮಾತು. ನಡುನಡುವೆ ಷರತ್ತುಗಳು: ಹೀಗಿದ್ದರೆ ಇದನ್ನು ತೋರಿಸು, ಇಲ್ಲದಿದ್ದರೆ ಅದನ್ನು. ಅವನು ಹೋದಮೇಲೆ ಅವನ ಟೋಪಿ, ಹಾಸಿಗೆ, ಗಿಟಾರ್ ಎಲ್ಲ ಕಣ್ಣಿಗೆ ಬೀಳದ ಕಡೆ ಸೇರಿದವು. ತಾಯಿ ಟೆಂಪ್ಲೇಟಿನ ಮೊದಲ ಸಾಲಿನಲ್ಲಿ ಅವನು ತನ್ನ ಹೆಸರು ಬರೆದುಕೊಂಡಿದ್ದ. ಹಾಗಾಗಿ ಆ ಕಡತವನ್ನೂ ನಾನು ಮತ್ತೆ ತೆರೆದಿರಲಿಲ್ಲ. ಮಕ್ಕಳ ಪುಟಗಳನ್ನಷ್ಟೇ ನೋಡಿಕೊಂಡು ಹೋಗುತ್ತಿದ್ದೆ.

ದೊಡ್ಡಮ್ಮನ ಪುಟವನ್ನು ಮೇಲಿಂದ ಕೆಳಗೆ ಜಾಲಾಡಿದೆ. ಚಿತ್ರ ಮುಚ್ಚು ಎಂದು ಎಲ್ಲೂ ಇರಲಿಲ್ಲ. ನನ್ನ ಬುದ್ಧಿಯೇ ಅಂಥದ್ದು, ಕಾರಣ ಸಿಗದಿದ್ದರೆ ಮನುಷ್ಯರನ್ನು ಹುಡುಕುತ್ತೇನೆ. ಮೊದಲು ಸಿಕ್ಕವನು ಡಂಕನ್, ನಮ್ಮ ಮ್ಯಾನೇಜರ್. ಮೆಲ್ಬೋರ್ನಿನ ಬಿಳಿಯ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳದವನನ್ನು ನಾನು ಮೊದಲಿಂದಲೂ ಪೂರ್ತಿ ನಂಬಿಲ್ಲ. ಕಲಾವಿದರು ಹೋದಮೇಲೆ ಚಿತ್ರದ ಬೆಲೆ ಏರುತ್ತದೆ ಎಂದು ಅವನೊಮ್ಮೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಮುದುಕಿಯನ್ನು ಬದುಕಿದ್ದಾಗಲೇ ಸಾಯಿಸಿ ಬೆಲೆ ಏರಿಸುತ್ತಿದ್ದಾನೆಯೇ? ಅವನು ಸದಾ ಬೀಗ ಹಾಕಿಡುವ ಒಂದು ಡ್ರಾಯರ್ ಇದೆ. ಅವನು ಅಂಗಡಿಗೆ ಹೋದಾಗ ಬೀಗದ ಕೈ ಹುಡುಕಿ ತೆಗೆದೆ. ಒಳಗೆ ನಾಯಿ ಬಿಸ್ಕತ್ತು ತುಂಬಿತ್ತು. ಊರಿನ ನಾಯಿಗಳು ಆಫೀಸಿನ ಬಾಗಿಲು ಬಿಟ್ಟು ಕದಲದ ಗುಟ್ಟು ಗೊತ್ತಾಯಿತು, ನನಗೆ ಬೇಕಾದ್ದು ಸಿಗಲಿಲ್ಲ.

ದೊಡ್ಡಮ್ಮನ ಅನುಮಾನ ಬೇರೆ ಕಡೆ ಹೋಗಿತ್ತು. ಬೆರಿಲ್ ಅತ್ತೆಯೇ ಮಾಡಿಸಿದ್ದು ಎಂದಳು. ಇಬ್ಬರದೂ ಅಕ್ಕಪಕ್ಕದ ಬೆಂಕಿ, ಒಂದೇ ಕೆಟಲ್. ಒಬ್ಬಳ ಮಕ್ಕಳಿಗೆ ಇನ್ನೊಬ್ಬಳು ಉಣಿಸಿದವರು. ಆದರೆ ಮಗನನ್ನು ಮಣ್ಣು ಮಾಡಿ ಬಂದಂದಿನಿಂದ ಅತ್ತೆ ಇವಳ ಜೊತೆ ಮಾತು ಬಿಟ್ಟಿದ್ದಳು. ಇವಳು ಬಂದರೆ ಎದ್ದು ಹೋಗುತ್ತಿದ್ದಳು.

"ಅವಳ ಹೊಟ್ಟೇಲಿ ಏನಿದೆ ಅಂತ ನಂಗೊತ್ತು ಕಣೇ," ಎಂದಳು ದೊಡ್ಡಮ್ಮ. "ಚಿಕ್ಕ ಹುಡುಗ ಹೋದ, ಈ ಮುದುಕಿ ಉಳ್ಕೊಂಡ್ಲು ಅಂತ. ಹೆಸರು ಹೋಗಿದ್ದು ಸಾಲ್ದೇನೋ, ಈಗ ಮುಖಾನೂ ತೆಗೆಸಿದಾಳೆ. ಶುಕ್ರವಾರ ಲಾರಿ ಬರುತ್ತಲ್ಲ, ನಾನು ಆಲಿಸ್‌ಗೆ ಹೋಗ್ತೀನಿ. ನನ್ನ ಸತ್ತೋಳು ಅನ್ನೋ ಊರಲ್ಲಿ ನಾನಿರಲ್ಲ."

ಹಾಗೆಂದವಳು ಕ್ಯಾನ್ವಾಸುಗಳನ್ನು ಸುರುಳಿ ಸುತ್ತತೊಡಗಿದಳು. ಮುಗಿಯದ ಒಂದು ಚಿತ್ರವನ್ನೂ, ಬಣ್ಣ ಒಣಗುವ ಮೊದಲೇ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೀಗೆ ಮುನಿಸಿಕೊಂಡು ಹೋದ ನಮ್ಮ ಮುದುಕಿಯರು ತಿರುಗಿ ಬಂದದ್ದು ನಾನು ಕಂಡಿಲ್ಲ. ನನಗೆ ಭಯವಾಯಿತು. ಸುಳ್ಳೇಕೆ, ಅತ್ತೆಯ ಮೇಲೆ ನನಗೂ ಅನುಮಾನ ಬಂತು. ಅತ್ತೆಯ ಪುಟ ಚೆನ್ನಾಗಿಯೇ ಇತ್ತು. ಅವಳು ಹಿಂದಿನ ವಾರ ಡಂಕನ್ ಜೊತೆ ಜಗುಲಿಯಲ್ಲಿ ಏನೋ ಪಿಸುಗುಟ್ಟಿದ್ದನ್ನು ನಾನೇ ಕಂಡಿದ್ದೆ.

ಕೊನೆಗೆ ಡಂಕನ್ನನನ್ನೇ ಎದುರು ಕೂರಿಸಿಕೊಂಡೆ. ಅತ್ತೆ ಏನು ಹೇಳಿದಳು ಎಂದು ಕೇಳಿದೆ. ಕುಂಬಳಕಾಯಿ ಕಳ್ಳನ ಹಾಗೆ ಅವನು ಮೊದಲು ನೋಡಿದ್ದು ಡ್ರಾಯರಿನ ಕಡೆಗೆ. ಆಮೇಲೆ ಹೇಳಿದ: ದೊಡ್ಡಮ್ಮನ ಹಳೆಯ ಹೆಸರು ಇನ್ನೂ ವೆಬ್‌ಸೈಟಿನಲ್ಲಿದೆ, ಅದನ್ನು ಕಂಡಾಗೆಲ್ಲ ತನ್ನ ಮಗನ ಹೆಸರು ಕೇಳಿದಂತಾಗುತ್ತದೆ, ತೆಗೆಯಿರಿ, ಎಂದು ಅತ್ತೆ ಬೇಡಿಕೊಂಡಿದ್ದಳಂತೆ. ಅದು ನ್ಯಾಯವೇ ಆದ್ದರಿಂದ ಅವನು ದೊಡ್ಡಮ್ಮನ ವಿವರದಲ್ಲಿ ಹೆಸರಿನ ಜಾಗದಲ್ಲಿ ಕುನ್ಮನಾರ ಎಂದು ತುಂಬಿದ್ದ. ಚಿತ್ರವನ್ನು ತಾನು ಮುಟ್ಟಿಲ್ಲ ಎಂದು ಆಣೆ ಮಾಡಿದ.

ಅಲ್ಲಿಗೆ ನನಗೆ ಹೊಳೆಯಿತು. ಹೆಸರು ಬದಲಾದ ಕೂಡಲೇ ಮುಖ ಮುಚ್ಚಿದೆ. ಮಗುವಿನ ಪುಟದಲ್ಲಿ ಅಂಥ ಮಾತಿಲ್ಲ ಎಂದಮೇಲೆ ಅದು ತಾಯಿಯಿಂದಲೇ ಬಂದಿರಬೇಕು. ಆ ತಾಯಿ ಕಡತವನ್ನು ತೆರೆಯಬೇಕಾದರೆ ಅವನ ಹೆತ್ತವಳನ್ನು ಕೇಳಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ.

ಅತ್ತೆ ಬೆಂಕಿಯ ಪಕ್ಕ ಒಬ್ಬಳೇ ಕೂತು ಬೂದಿಯಲ್ಲಿ ರೊಟ್ಟಿ ಸುಡುತ್ತಿದ್ದಳು. ನಾನು ಪಕ್ಕಕ್ಕೆ ಕೂತು, ಅವಳ ಮುಖ ನೋಡದೆ, ದೂರದ ಮಾತು ಆಡುತ್ತ ಆಡುತ್ತ ವಿಷಯಕ್ಕೆ ಬಂದೆ. ಅವಳು ಕಡ್ಡಿಯಿಂದ ರೊಟ್ಟಿಯನ್ನು ತಿರುವಿದಳು.

"ಅವಳು ಕಳ್ಸಿದ್ಲಾ ನಿನ್ನ?"

ಇಲ್ಲ ಎಂದೆ. ಅವಳು ಲಾರಿಗೆ ಕಾಯುತ್ತಿದ್ದಾಳೆ ಎಂದೆ. ನೀನೇ ಅವಳ ಮುಖ ತೆಗೆಸಿದೆ ಎಂದುಕೊಂಡಿದ್ದಾಳೆ ಎಂದೂ ಹೇಳಿಬಿಟ್ಟೆ. ಅತ್ತೆ ರೊಟ್ಟಿಯನ್ನು ಬೂದಿಯಿಂದ ಹೊರಗೆಳೆದಳು.

"ಅವಳನ್ನ ಯಾರಾದ್ರೂ ಕುನ್ಮನಾರ ಅಂತ ಕರೆದ್ರೆ ನಾನು ತಿರುಗಿ ನೋಡ್ತೀನಿ ಲಿಯೋನಿ. ನನ್ನ ಹುಡುಗನನ್ನೇ ಕರೆದ್ರೇನೋ ಅಂತ. ಅದಕ್ಕೇ ಎದ್ದು ಹೋಗೋದು." ಕೈ ಕೊಡವಿಕೊಂಡು ಎದ್ದಳು. "ನಡಿ. ನಾನಿಲ್ದೆ ಅದನ್ನ ತೆರೀಬೇಡ."

ಆಫೀಸಿನಲ್ಲಿ ಡಂಕನ್ನನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಕಡತ ತೆರೆಯುವ ಮೊದಲು ಅತ್ತೆ ಪರದೆಯ ಮೇಲ್ಭಾಗಕ್ಕೆ ತನ್ನ ಅಂಗೈ ಒತ್ತಿ ಹಿಡಿದಳು. ಹೆಸರು ಅವಳ ಕೈಯ ಕೆಳಗೆ ಹೋಯಿತು. ನಾನು ಅದರ ಕೆಳಗಿನ ಸಾಲುಗಳನ್ನು ಓದುತ್ತ ಹೋದೆ. ಮುಖದ ಚೌಕದ ಹತ್ತಿರ ಇತ್ತು ಅದು: ಕಲಾವಿದರ ಹೆಸರು ಕುನ್ಮನಾರ ಎಂದಿದ್ದರೆ ಬೂದು ಚೌಕ ತೋರಿಸು, ಇಲ್ಲದಿದ್ದರೆ ಚಿತ್ರ ತೋರಿಸು. ಎಲ್ಲ ಪುಟಗಳೂ ತಾಯಿಯ ಈ ಮಾತನ್ನು ಕೇಳುತ್ತಿದ್ದವು. ಸತ್ತವರು ಯಾರು, ಹೆಸರು ಬದಿಗಿಟ್ಟ ಬದುಕಿರುವವರು ಯಾರು ಎಂದು ಆ ಷರತ್ತಿಗೆ ತಿಳಿಯದು. ಅದರ ಮೇಲೆ ಅವನೇ ಬರೆದಿಟ್ಟುಕೊಂಡ ಒಂದು ಟಿಪ್ಪಣಿ ಇತ್ತು. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಅತ್ತೆ ಗಮನಿಸಿದಳು.

"ಏನ್ ಬರ್ದಿದಾನೆ?"

"ಸದ್ಯಕ್ಕೆ ಹೀಗಿರ್ಲಿ, ಆಮೇಲೆ ಸರಿ ಮಾಡ್ತೀನಿ ಅಂತ."

ಅತ್ತೆಯ ಬಾಯಿಂದ ನಗುವಿನಂಥದ್ದು ಬಂತು. ಮನೆಯ ನಲ್ಲಿಗೂ ಹಾಗೇ ಅಂದಿದ್ದ, ಅದು ಇನ್ನೂ ಸೋರುತ್ತಿದೆ, ಎಂದಳು. ಅಂಗೈಯನ್ನು ಮಾತ್ರ ಕದಲಿಸಲಿಲ್ಲ.

ಆ ಸಾಲನ್ನು ಅಳಿಸಿದರೆ ದೊಡ್ಡಮ್ಮನ ಮುಖ ಬರುತ್ತಿತ್ತು. ಆದರೆ ಅವನೂ ಚಿತ್ರ ಬರೆಯುತ್ತಿದ್ದವನು, ಅವನಿಗೂ ಒಂದು ಪುಟವಿತ್ತು, ಅದರ ಮೇಲೂ ಈಗ ಕುನ್ಮನಾರ ಎಂದೇ ಇತ್ತು. ಅವನ ಮುಖವೂ ಬಂದುಬಿಡುತ್ತಿತ್ತು. ಅದಕ್ಕೆ ಷರತ್ತನ್ನು ಬದಲಿಸಿದೆ. ಇನ್ನು ಮುಂದೆ ಅದು ಹೆಸರನ್ನು ನೋಡುವುದಿಲ್ಲ, ಪ್ರತಿಯೊಬ್ಬರ ವಿವರದ ಪಕ್ಕದಲ್ಲಿ ನಾನು ಹೊಸದಾಗಿ ಇಟ್ಟ ಒಂದು ಗುರುತನ್ನು ನೋಡುತ್ತದೆ. ತೀರಿಕೊಂಡವರು ಎಂಬ ಗುರುತು. ಅದಿದ್ದರೆ ಮಾತ್ರ ಮುಚ್ಚು. ಹಿಂದೆ ತೀರಿಕೊಂಡ ಹಿರಿಯರ ಮುಖಗಳನ್ನು ಮತ್ತೆ ತೋರಿಸಲು ಆಯಾ ಮನೆಯವರು ಎಂದೋ ಒಪ್ಪಿದ್ದರು. ಹಾಗಾಗಿ ಈಗ ಉಳಿದಿದ್ದವರು ಇಬ್ಬರೇ. ಪರದೆಯ ಮೇಲೆ ಒಂದರ ಕೆಳಗೆ ಒಂದು, ಕುನ್ಮನಾರ, ಕುನ್ಮನಾರ. ಒಂದೊಂದರ ಪಕ್ಕದಲ್ಲೂ ಖಾಲಿ ಚೌಕ.

ನಾನೇ ಗುರುತು ಹಾಕಬಹುದಿತ್ತು, ಒಂದು ಒತ್ತು ಸಾಕು. ಆದರೆ ಮುಚ್ಚುವ ಹಕ್ಕು ಮನೆಯವರದು. ಮೇಲಿನ ಸಾಲು ಅವನದು ಎಂದು ತೋರಿಸಿ, ಮೌಸನ್ನು ಅತ್ತೆಯ ಕಡೆ ಸರಿಸಿದೆ. ಅವಳು ಅದನ್ನು ಹಿಡಿದುಕೊಂಡು ಕೂತಳು. ಎಷ್ಟು ತಿಂಗಳಿಂದ ಇಡೀ ಊರು ಅವಳೆದುರು ಅವನು ಸತ್ತ ಎಂಬ ಮಾತನ್ನು ತಪ್ಪಿಸಿಕೊಂಡು ಓಡಾಡಿತ್ತು, ಅವಳೂ ಅದನ್ನು ಬಾಯಿಗೆ ತಂದುಕೊಂಡಿರಲಿಲ್ಲ. ನನಗೆ ಅವಳ ಮೇಲೆ ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಯಿತು.

ಬಾಗಿಲು ದಡ್ಡನೆ ತೆರೆದುಕೊಂಡಿತು. ಅತ್ತೆ ಆಫೀಸಿಗೆ ಹೊಕ್ಕದ್ದನ್ನು ಯಾರೋ ಹೇಳಿದ್ದಿರಬೇಕು. ದೊಡ್ಡಮ್ಮ ಕಂಕುಳಲ್ಲಿ ಕ್ಯಾನ್ವಾಸ್ ಸುರುಳಿ ಇಟ್ಟುಕೊಂಡೇ ನಿಂತಿದ್ದಳು.

"ಮತ್ತೆ ಕೈ ಹಾಕಿದಾಳೆ ನೋಡು. ಇನ್ನೇನು ತೆಗೆಸ್ತಿದೀಯೇ ನಂದು?"

ಅತ್ತೆ ಹಿಂದಿರುಗಿ ನೋಡಲಿಲ್ಲ. ಅವಳ ಬೆರಳು ಒತ್ತಿದ ಸದ್ದು ಕೇಳಿತು. ಮೇಲಿನ ಚೌಕದಲ್ಲಿ ಗುರುತು ಬಿತ್ತು. ಕೆಳಗಿನದು ಖಾಲಿಯೇ ಉಳಿಯಿತು. ನಾನು ಪುಟವನ್ನು ತೆರೆದೆ, ದೊಡ್ಡಮ್ಮನ ಮುಖ ಬಂತು.

"ಸತ್ತಿರೋನು ನನ್ನ ಮಗ, ಅತ್ತಿಗೆ," ಎಂದಳು ಅತ್ತೆ. "ನೀನಲ್ಲ."

ದೊಡ್ಡಮ್ಮನ ಕಂಕುಳಿಂದ ಸುರುಳಿ ಕೆಳಗೆ ಬಿತ್ತು. ಅವಳು ಬಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಅತ್ತೆ ಕುರ್ಚಿಯಿಂದ ಇಳಿದು ಅವಳ ಪಕ್ಕ ಕೂತಳು. ಆಮೇಲೆ ಇಬ್ಬರೂ ದನಿ ತೆಗೆದು ಅತ್ತರು, ಮಣ್ಣು ಮಾಡಿದ ದಿನ ಒಟ್ಟಿಗೆ ಅಳದೆ ಉಳಿಸಿಕೊಂಡಿದ್ದನ್ನೆಲ್ಲ. ನಾನು ಹೊರಗೆ ಹೋಗಿ ಡಂಕನ್ ಒಳಗೆ ಬಾರದಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.